ಆಳದ ಬೋರ್ಡ್ ಕಿತ್ತುಹಾಕಿದ ಮೇಲೆ

ಶರಾವತಿ ಹಿನ್ನೀರಿನಲ್ಲಿ ಫ್ರೀಡೈವಿಂಗ್, ಅಂದರೆ ಉಸಿರು ಬಿಗಿಹಿಡಿದು ಮುಳುಗುವುದನ್ನು, ಕಲಿಸುವಾಗ ನಮ್ಮ ಸೀನಿಯರ್‌ಗಳು ಎಷ್ಟು ಆಳ ಹೋದರೆಂದು ಬೋರ್ಡಿನಲ್ಲಿ ಬರೆದು ಹೇಳುವುದನ್ನೇ ನಿಲ್ಲಿಸಿದೆವು. ‘ಆಳ ಹೇಳ್ದೇ ಇದ್ರೆ ಯಾರ್ರೀ ಬರ್ತಾರೆ’ ಅಂದರು ಸಾಗರದ ಗೆಳೆಯರು. ಎರಡು ಸೀಸನ್ ಆಯಿತು. ಹುಡುಗರು ಕಡಿಮೆಯಾಗಿಲ್ಲ, ಒಂದೂ ಬ್ಲ್ಯಾಕ್‌ಔಟ್ (ಪ್ರಜ್ಞೆ ತಪ್ಪುವುದು) ಆಗಿಲ್ಲ.

ಬೋರ್ಡ್ ಇದ್ದ ವರ್ಷ ಇಬ್ಬರಿಗೆ ಸಾಂಬಾ, ಅಂದರೆ ಮೈ ಹಿಡಿತ ತಪ್ಪಿ ನಡುಗುವುದು, ಬಂತು. 12-13 ಮೀಟರ್‌ನಿಂದ ಮೇಲೆ ಬಂದು, ತೇಲುವ ಲಾರಿ ಟ್ಯೂಬ್ ಹಿಡಿದ ಮೇಲೆ ತಲೆ ಕುಣಿಯಿತು, ತುಟಿ ನೀಲಿ. ಇಬ್ಬರೂ ಮುಳುಗುವ ಮೊದಲು ಹತ್ತು ಹದಿನೈದು ಸಲ ಜೋರಾಗಿ ಉಸಿರೆಳೆದಿದ್ದರು. ಸೀನಿಯರ್ ಮಾಡುತ್ತಿದ್ದದ್ದು ನಿಧಾನದ ಉಸಿರು, ಆದರೆ ಸ್ನಾರ್ಕೆಲ್‌ನಲ್ಲಿ (ಬಾಯಿಗಿಟ್ಟು ಉಸಿರಾಡುವ ಕೊಳವೆ) ಅದರ ಸದ್ದು ದೊಡ್ಡದು. ಇವರು ಸದ್ದನ್ನು ಕಲಿತರು, ನಿಧಾನವನ್ನು ಬಿಟ್ಟರು. ಈಗ ಸೀನಿಯರ್ ಸ್ನಾರ್ಕೆಲ್ ತೆಗೆದು, ಹೊಟ್ಟೆ ಕಾಣುವಂತೆ ಮಲಗಿ ಉಸಿರಾಡಿ ತೋರಿಸಬೇಕು.

ದುಡ್ಡು ಹೆಚ್ಚು ಹಾಳಾದದ್ದು ಕಾಲಿಗೆ ಹಾಕುವ ಉದ್ದ ಫಿನ್‌ಗೆ. ಸೀನಿಯರ್ ಹಾಕಿದ್ದಾನೆಂದು ನಾಲ್ಕು ಜೊತೆ ತರಿಸಿದೆವು, ಸುಮಾರು 28 ಸಾವಿರ. ಮಂಡಿ ಮಡಚಿ ಸೈಕಲ್ ತುಳಿದಂತೆ ಕಾಲಾಡಿಸುವ ಹುಡುಗರಿಗೆ ಅದು ಭಾರವೇ. ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ್ದೂ ಅದೇ ಕಥೆ: ಸಮುದ್ರದ ಲೆಕ್ಕದ ಬೆಲ್ಟ್ ನೋಡಿ 4 ಕೆಜಿ ಕಟ್ಟಿಕೊಂಡರು. ಸಿಹಿನೀರು ಕಡಿಮೆ ಎತ್ತುತ್ತದೆ, ಮೈಮೇಲೆ ತೇಲಿಸುವ ವೆಟ್‌ಸೂಟೂ (ರಬ್ಬರಿನ ಈಜುಡುಗೆ) ಇಲ್ಲ. ಬರಿ ಚಡ್ಡಿಯವನಿಗೆ ಇಲ್ಲಿ 1 ಕೆಜಿ ಸಾಕು, ಹಲವರಿಗೆ ಅದೂ ಬೇಡ. ಲಾರಿ ಟ್ಯೂಬ್, 30 ಮೀಟರ್ ಹಗ್ಗ, ಹಗ್ಗದ ಕೆಳತುದಿಗೆ 8 ಕೆಜಿ ತೂಕ: ನೆನಪಿರುವಂತೆ ನಾಲ್ಕು ಸಾವಿರದೊಳಗೆ ಮುಗಿಯಿತು.

ದಿನದ ಮೊದಲ ಡೈವ್ ಸೀನಿಯರ್‌ದೇ, ತನ್ನ ಅರ್ಧ ಆಳಕ್ಕೆ ಮಾತ್ರ. ಅಲ್ಲಿಂದ ಬೇಕೆಂದೇ ತಿರುಗಿ ಬರುತ್ತಾನೆ. ಟ್ಯೂಬ್ ಹಿಡಿದು ಮೂರು ಚುರುಕು ಉಸಿರು, ಮಾಸ್ಕ್ ತೆಗೆದು ಕೈಸನ್ನೆ, ‘ಸರಿ ಇದ್ದೀನಿ’, ಎಲ್ಲ 15 ಸೆಕೆಂಡಿನೊಳಗೆ, ಫ್ರೀಡೈವಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಡಾದ ಸ್ಪರ್ಧೆಯ ನಿಯಮದಂತೆಯೇ. ಆಮೇಲೆ ಇಡೀ ದಿನ ಅವನು ಕಾವಲು. ಹುಡುಗ ಮೇಲೆ ಬರುವಾಗ ಆಳದ ಮೂರನೇ ಒಂದು ಭಾಗದಲ್ಲಿ ಸಿಕ್ಕಿ ಮುಖಕ್ಕೆ ಮುಖ ಕೊಟ್ಟು ಬರಬೇಕು, ಮೇಲೆ ಬಂದ ಮೇಲೂ 30 ಸೆಕೆಂಡು ಕಣ್ಣು ತೆಗೆಯಬಾರದು. ಮುಳುಗಿದ ಹೊತ್ತಿನ ಎರಡರಷ್ಟಾದರೂ ವಿಶ್ರಾಂತಿ. ಕಾವಲಿಗೆ ಬಾರದ ಸೀನಿಯರ್‌ಗೆ ಹಗ್ಗವಿಲ್ಲ, ಅವನು ಎಷ್ಟೇ ಆಳದವನಿರಲಿ.

ದಾಖಲೆ ಕೇಳುವವರಿಗೆ ಎರಡು ಹೆಸರು ಹೇಳುತ್ತೇವೆ. ವಿಶ್ವದಾಖಲೆಗಳ ರಷ್ಯದ ಫ್ರೀಡೈವರ್ ನಟಾಲಿಯಾ ಮೊಲ್ಚನೋವಾ 2015ರ ಆಗಸ್ಟ್ 2ರಂದು ಸ್ಪೇನಿನ ಫೊರ್ಮೆಂಟೆರಾ ಬಳಿ ಮುಳುಗಿದವರು ಮೇಲೆ ಬರಲಿಲ್ಲ. ಅದು ಸ್ಪರ್ಧೆಯೇ ಅಲ್ಲ. ಕಾವಲು ಡೈವರ್ ಸ್ಟೀಫನ್ ಕೀನನ್ 2017ರಲ್ಲಿ ಈಜಿಪ್ಟಿನ ದಹಬ್‌ನಲ್ಲಿ ಇನ್ನೊಬ್ಬ ಡೈವರನ್ನು ಉಳಿಸಲು ಹೋಗಿ ತೀರಿಕೊಂಡರು. ಕಾವಲಿನ ಕೆಲಸ ಎಷ್ಟು ದೊಡ್ಡದೆಂದು ಹುಡುಗರಿಗೆ ತಿಳಿಯುವುದು ಅವರ ಹೆಸರಿನಿಂದ.

ನಡುವೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಪರೀಕ್ಷಿಸಿದೆವು. ತಣ್ಣಗಾದ ಬೆರಳಲ್ಲಿ ಅಂಕಿ ನಿಲ್ಲುವುದಿಲ್ಲ, ನಿಂತರೂ ತಡವಾಗಿ ಬರುತ್ತದೆ. ಬಿಟ್ಟೆವು. ಕಲಕುನೀರಿನಲ್ಲಿ ಕಾವಲಿನವನಿಗೆ ಹಗ್ಗದಿಂದಲೇ ಹುಡುಗನ ಆಳ ತಿಳಿಯುವ ಒಂದು ಗಂಟು ನಮ್ಮಲ್ಲಿದೆ; ಅದನ್ನು ಬಂದವರಿಗೆ ಕೈಯಲ್ಲೇ ಕಲಿಸುತ್ತೇವೆ, ಬರೆಯುವುದಿಲ್ಲ.

ಬೇಸಿಗೆಯಲ್ಲಿ ನೀರಿಳಿದಂತೆ ಮುಳುಗಿದ ಮರಗಳ ಕೊರಡು ಹತ್ತಿರವಾಗುತ್ತವೆ. ತೂಕ ನೆಲದಿಂದ 3 ಮೀಟರ್ ಮೇಲೇ ನಿಲ್ಲುವಂತೆ ಹಗ್ಗವನ್ನು ವಾರಕ್ಕೊಮ್ಮೆ ಅಳೆದು ಕಟ್ಟಬೇಕು, ಅದೂ ಸೀನಿಯರ್ ಕೈಯಲ್ಲೇ, ಹುಡುಗರ ಎದುರಿಗೇ.