ಏನು ಓದುತ್ತಿದ್ದೀರಿ ಅಂತ ಹೇಳುವಾಗ ಒಂದು ಸಲಹೆ

ಪುಸ್ತಕದ ಮುಖಪುಟದ ಫೋಟೋ ಹಾಕಿ ‘ಸೂಪರ್’ ಅಂತ ಬಿಟ್ಟರೆ ಓದುವವರಿಗೆ ಏನೂ ಸಿಗುವುದಿಲ್ಲ. ಯಾವ ಪುಟದಲ್ಲಿದ್ದೀರಿ, ಎಲ್ಲಿ ಹಿಡಿಸಿತು, ಎಲ್ಲಿ ಬೇಜಾರಾಯಿತು, ಅಷ್ಟು ಬರೆಯಿರಿ. ಕೊನೆ ಮಾತ್ರ ಹೇಳಬೇಡಿ!

ನಾನೀಗ ಓದುತ್ತಿರುವುದು ಗದುಗಿನ ಭಾರತ. ನಮ್ಮ ಗದಗದ ಕುಮಾರವ್ಯಾಸನದೇ. ಕಷ್ಟ ಅಂತ ಹೆದರುವವರೇ ಜಾಸ್ತಿ. ಆದರೆ ಅದು ಭಾಮಿನಿ ಷಟ್ಪದಿ, ಒಂದು ಪದ್ಯಕ್ಕೆ 6 ಸಾಲು. ಸುಮ್ನೆ ಕಣ್ಣಾಡಿಸಿದರೆ ಏನೂ ತಿಳಿಯದು, ಗಟ್ಟಿಯಾಗಿ ಓದಬೇಕು. 3–4 ಮಾತ್ರೆಯ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಆ ಓಟ ಬಾಯಿಗೆ ಹತ್ತಿತೆಂದರೆ ಅರ್ಧ ಅರ್ಥ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ದಿನಕ್ಕೆ ನಾಲ್ಕೈದು ಪದ್ಯ ಸಾಕು. ಇರುವುದು 10 ಪರ್ವ, ಮೊದಲಿನಿಂದಲೇ ಹೊರಡಬೇಕು ಅಂತೇನಿಲ್ಲ. ವಿರಾಟ ಪರ್ವದ ಉತ್ತರಕುಮಾರನಿಂದ ಶುರು ಮಾಡಿ. ಹೆಂಗಸರ ಮುಂದೆ ಬಡಾಯಿ ಕೊಚ್ಚಿ, ಕೌರವರ ಸೇನೆ ಕಂಡ ಕೂಡಲೇ ಓಡುವವನು. ಅಂಥವರು ಈಗಲೂ ಇದ್ದಾರೆ, ಅಲ್ವಾ? ಪಕ್ಕದಲ್ಲೇ ಗದ್ಯದ ಅರ್ಥ ಕೊಟ್ಟಿರುವ ಪ್ರತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಇನ್ನೊಂದು, ಪುಸ್ತಕ ಎಲ್ಲಿ ಸಿಕ್ಕಿತು ಅಂತಲೂ ಬರೆಯಿರಿ. ಹೊಸದನ್ನು ಹುಡುಕುವವರು ಧಾರವಾಡಕ್ಕೆ ಬಂದಾಗ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಗೂ ಹೋಗಿ ಬನ್ನಿ. 1933ರಲ್ಲಿ ಶುರುವಾದ ಪ್ರಕಾಶನ ಅದು. ಎರವಲು ಕೊಡಲು ತಯಾರಿದ್ದರೆ ಅದನ್ನೂ ಹೇಳಿ, ಯಾವಾಗ ವಾಪಸ್ ಬೇಕು ಅನ್ನುವುದರ ಸಮೇತ.