ಟ್ಯೂನ್ ಆದ ಟರ್ಬೊ ಕಾರು: ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ

ಪುಣೆಯಲ್ಲಿ ಹಳೇ ಟರ್ಬೊ ಪೆಟ್ರೋಲ್ ಗಾಡಿಗಳಿಗೆ ಬರವಿಲ್ಲ. ಫೋಕ್ಸ್‌ವ್ಯಾಗನ್ ಪೋಲೊ ತಯಾರಾಗಿದ್ದು ಇಲ್ಲೇ ಚಾಕಣ್‌ನಲ್ಲಿ, ಫಿಯೆಟ್ ಲೀನಿಯಾ ಟಿ-ಜೆಟ್ ರಾಂಜಣಗಾವ್‌ನಲ್ಲಿ. ಮಾರಾಟಕ್ಕೆ ಬರುವ ಇಂಥ ಗಾಡಿಗಳಲ್ಲಿ ರೀಮ್ಯಾಪ್ ಆದವು ಸಾಕಷ್ಟಿರುತ್ತವೆ, ಅಂದರೆ ಪವರ್ ಹೆಚ್ಚಿಸಲು ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಪ್ರೋಗ್ರಾಂ, ಅಂದರೆ ಮ್ಯಾಪ್, ಬದಲಿಸಿದವು. ನಾನು ಗದಗಿನವನು, ಭೋಸರಿ ಎಂಐಡಿಸಿಯ ಟೂಲ್ ರೂಮಿನಲ್ಲಿ ಕೆಲಸ. ಗಾಡಿ ನೋಡಲು ಹೊರಟ ಕನ್ನಡದ ಹುಡುಗರು ನನ್ನನ್ನೂ ಕರೆದುಕೊಂಡು ಹೋಗುತ್ತಾರೆ. ಈಚೆಗೆ ತಂಗಿಯ ಮಗ ಒಂದು ಪೋಲೊ ಹಿಡಿದು ಕುಣಿಯುತ್ತಿದ್ದ. "ಮಾಮಾ, ಸ್ಟೇಜ್ ಟೂ ಐತಂತ, ಹಾರತೈತಿ ನೋಡು!" ಸ್ಟೇಜ್ ಒನ್ ಅಂದರೆ ಬರೀ ಮ್ಯಾಪ್ ಬದಲಿಸಿದ್ದು, ಸ್ಟೇಜ್ ಟೂ ಅಂದರೆ ಜೊತೆಗೆ ಎಕ್ಸಾಸ್ಟ್‌ನಂಥ ಭಾಗಗಳನ್ನೂ ಬದಲಿಸಿದ್ದು. ಹಾರೋದು ಇರಲಿ, ಇವನು ದಿನಾ ವಾಕಡ್‌ನ ಟ್ರಾಫಿಕ್ ದಾಟಿ ಹಿಂಜವಡಿಗೆ ಹೋಗಿ ಬರಬೇಕಲ್ಲ.

ಟ್ಯೂನ್ ಆಗಿದೆ ಅಂದ ಮಾತ್ರಕ್ಕೆ ಗಾಡಿ ಕೆಟ್ಟದ್ದಲ್ಲ. ಅರ್ಧಕ್ಕೆ ಬಿಟ್ಟ ಕೆಲಸ ಕೆಟ್ಟದ್ದು. ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಏರಿಸಿ ಕ್ಲಚ್ ಹಳೇದೇ ಉಳಿಸಿದ್ದು, ಸ್ಪಾರ್ಕ್ ಪ್ಲಗ್ ಬದಲಿಸದೇ ಇದ್ದದ್ದು, ಟ್ಯೂನ್ ಆದ ಮೇಲೂ ಆಯಿಲನ್ನು ಕಂಪನಿ ಹೇಳಿದ ಕಿಲೋಮೀಟರಿಗೇ ಬದಲಿಸಿದ್ದು. ಹಾಗಾಗಿ ಎಷ್ಟು ಪವರ್ ಅಂತ ಕೇಳುವ ಮೊದಲು ಯಾರು ಟ್ಯೂನ್ ಮಾಡಿದ್ದು, ಬಿಲ್ ಇದೆಯಾ, ಯಾವ ಪೆಟ್ರೋಲಿಗೆ ಮ್ಯಾಪ್ ಬರೆದಿದ್ದು ಅಂತ ಕೇಳಿ. ಕೊನೆಯದು ಬಹಳ ಮುಖ್ಯ. 97 ಅಥವಾ 100 ಆಕ್ಟೇನಿನ ದುಬಾರಿ ಪೆಟ್ರೋಲ್ ನಂಬಿ ಬರೆದ ಮ್ಯಾಪಿಗೆ ಸಾದಾ ಪೆಟ್ರೋಲ್ ಹಾಕಿದರೆ ಎಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಒಳಗೆ ಬಡಿಯುತ್ತದೆ. ದುಬಾರಿ ಪೆಟ್ರೋಲು ಎಲ್ಲ ಬಂಕಿನಲ್ಲಿ ಸಿಗುವುದೂ ಇಲ್ಲ. ಇಸಿಯು ಮುಟ್ಟದೆ ಸೆನ್ಸರ್ ಸಿಗ್ನಲ್‌ಗೆ ಸುಳ್ಳು ಹೇಳುವ ಪೆಟ್ಟಿಗೆ ಕೂರಿಸಿದ್ದರೆ, ಕೊಂಡ ದಿನವೇ ಕಿತ್ತು ಹಾಕುವುದು ಒಳ್ಳೇದು.

ನೋಡಲು ಬೆಳಗ್ಗೆಯೇ ಹೋಗಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿಡಿ, ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ನನ್ನ ಲೆಕ್ಕ. ಟೈಮಿಂಗ್ ಚೈನ್ ಇರುವ ಎಂಜಿನ್ ಆದರೆ, ತಣ್ಣಗಿರುವಾಗ ಸ್ಟಾರ್ಟ್ ಆದ ಕೂಡಲೇ ಅದು ಗಲಗಲ ಅನ್ನುತ್ತದೆಯೇ ಕೇಳಿಸಿಕೊಳ್ಳಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಟರ್ಬೊ ಸೀಲ್ ಇರಬಹುದು, ವಾಲ್ವ್ ಸೀಲ್ ಇರಬಹುದು. ಎರಡೂ ಸಣ್ಣ ಖರ್ಚಲ್ಲ.

ಎಂಜಿನ್ ಬಂದ್ ಮಾಡಿ, ಟರ್ಬೊಗೆ ಗಾಳಿ ಹೋಗುವ ಪೈಪನ್ನು ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿ. ಒಳಗಿನ ಸಣ್ಣ ಚಕ್ರವನ್ನು ಬೆರಳಿನಿಂದ ಅಲುಗಿಸಿ. ಅಕ್ಕಪಕ್ಕ ಕೂದಲೆಳೆಯಷ್ಟು ಆಡಿದರೆ ಚಿಂತೆಯಿಲ್ಲ. ಒಳಗೆ-ಹೊರಗೆ ಆಡಬಾರದು, ರೆಕ್ಕೆ ಗೋಡೆಗೆ ತಾಗಬಾರದು. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ಪೈಪಿನೊಳಗೆ ಆಯಿಲಿನ ತೆಳು ಪಸೆ ಮಾಮೂಲಿ. ತೊಟ್ಟಿಕ್ಕಿದರೆ ಮಾಮೂಲಿಯಲ್ಲ.

ಆಮೇಲೆ ಸ್ಕ್ಯಾನರ್. ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಕಡಿಮೆ ದುಡ್ಡಿಗೇ ಸಿಗುತ್ತದೆ, ಮೊಬೈಲಿಗೇ ಜೋಡಿಸಬಹುದು. ಎರರ್ ಕೋಡ್ ಇಲ್ಲ ಅಂತ ಮಾರುವವ ಬೀಗಿದರೆ ಬೀಗಲಿ. ನೀವು ನೋಡಬೇಕಾದ್ದು ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದನ್ನು. 12 ಕಿಲೋಮೀಟರ್ ಅಂತ ಬಂದರೆ ನಿನ್ನೆಯೋ ಇವತ್ತೋ ಅಳಿಸಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಪ್ಲಸ್ 10 ಶೇಕಡ ದಾಟಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಪೆಟ್ರೋಲ್ ಸರಿಯಾಗಿ ಸಿಗುತ್ತಿಲ್ಲ. ಇನ್ನೊಂದು ವಿಷಯ: ಸ್ಟೇಜ್ ಟೂ ಮ್ಯಾಪಿನಲ್ಲಿ ಕ್ಯಾಟ್‌ಕಾನ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಎಚ್ಚರಿಕೆಯನ್ನೇ ಸಾಮಾನ್ಯವಾಗಿ ಆಫ್ ಮಾಡಿರುತ್ತಾರೆ. ಲೈಟ್ ಹತ್ತಿಲ್ಲ ಅಂತ ನಂಬಿ ಕೂರಬೇಡಿ. ಸಾಧ್ಯವಾದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ತೀರ ಕೆಳಗಿದ್ದರೆ ಅಲ್ಲಿಗೇ ಕೈಮುಗಿದು ಬನ್ನಿ.

ಓಡಿಸಿ ನೋಡಲು ನನಗೆ ನವಲೆ ಬ್ರಿಜ್‌ನಿಂದ ಕಾತ್ರಜ್ ಹೊಸ ಸುರಂಗದ ಕಡೆಗಿನ ಏರು ಇಷ್ಟ. ಮ್ಯಾನ್ಯುವಲ್ ಆದರೆ ನಾಲ್ಕನೇ ಗೇರಿನಲ್ಲಿ, ಸುಮಾರು 2,500 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ವಾಪಸ್ಸು ಇಳಿಯುವಾಗ ಮಾತ್ರ ಆಟ ಬೇಡ. ಆ ಇಳಿಜಾರು ಎಷ್ಟು ಜೀವ ತಿಂದಿದೆ ಅಂತ ಪುಣೆಯವರಿಗೆ ಹೇಳಬೇಕಾಗಿಲ್ಲ.

ಪೋಲೊ ಜಿಟಿ 1.2 ಟಿಎಸ್‌ಐ ಆದರೆ ಏರಿಗಿಂತ ಟ್ರಾಫಿಕ್ಕೇ ಪರೀಕ್ಷೆ. ಅದರ ಏಳು ಗೇರಿನ ಡಿಎಸ್‌ಜಿಯಲ್ಲಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇರುವುದು ಡ್ರೈ ಕ್ಲಚ್, ಆಯಿಲಿನಲ್ಲಿ ಮುಳುಗಿರುವುದಿಲ್ಲ. ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿ ಹೊರಹಾಕುವುದು ಅದಕ್ಕೆ ಕಷ್ಟ. ಆ ಗೇರ್‌ಬಾಕ್ಸು 250 ಎನ್‌ಎಂ ಟಾರ್ಕ್‌ವರೆಗೆ ಅಂತ ಮಾಡಿದ್ದು, ಗಾಡಿಯ ಒರಿಜಿನಲ್ ಟಾರ್ಕ್ 175. ಟ್ಯೂನ್ ಮಾಡಿ ಮಿತಿಯ ಹತ್ತಿರ ಒಯ್ದ ಗಾಡಿಯನ್ನು ದಿನಾ ಹಿಂಜವಡಿಗೆ ಒಯ್ಯುವುದು ನನಗಂತೂ ಸರಿ ಕಾಣುವುದಿಲ್ಲ. ಅರ್ಧ ಗಂಟೆ ಸಾಯಂಕಾಲದ ಟ್ರಾಫಿಕ್ಕಿನಲ್ಲಿ ಓಡಿಸಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಗಿದರೆ ಬೇಡ. ಅಳಿಯ ನೋಡಿದ ಗಾಡಿ ನಡುಗಿತು, ಅವನ ಮುಖ ಸಣ್ಣದಾಯಿತು.

ಓಪನ್ ಕೋನ್ ಏರ್ ಫಿಲ್ಟರ್, ಬುಸ್ ಅನ್ನುವ ಬ್ಲೋ-ಆಫ್ ವಾಲ್ವ್, ನೆಲಕ್ಕೆ ತಾಗುವ ಸ್ಪ್ರಿಂಗು ಇವೆಲ್ಲ ಶೋಕಿ. ಟ್ರಾಫಿಕ್ಕಿನಲ್ಲಿ ಆ ಫಿಲ್ಟರ್ ಎಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಸ್ಪ್ರಿಂಗ್ ತಗ್ಗಿಸಿದ್ದರೆ ಟಯರಿನ ಒಳಅಂಚು ಸವೆದಿದೆಯೇ ಬಗ್ಗಿ ನೋಡಿ.

ಈ ಶೋಕಿಗೆಲ್ಲ ಒಂದು ಪೈಸೆ ಜಾಸ್ತಿ ಕೊಡಬೇಡಿ. ಬದಲಿಗೆ ಒರಿಜಿನಲ್ ಸಾಮಾನು ಕೇಳಿ: ಏರ್‌ಬಾಕ್ಸ್, ಸ್ಪ್ರಿಂಗು, ಎಲ್ಲಕ್ಕಿಂತ ಮೊದಲು ಕ್ಯಾಟ್‌ಕಾನ್ ಇರುವ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪು). ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ ಇರುವುದರಿಂದ ಎಷ್ಟೋ ಜನ ಮಾರಿಬಿಟ್ಟಿರುತ್ತಾರೆ. ಹೊಸದು ಹಾಕಿಸುವ ಖರ್ಚನ್ನು ರೇಟಿನಲ್ಲಿ ಮುರಿದುಕೊಳ್ಳಿ. ಅದಿಲ್ಲದೆ ಗಾಡಿ ಹೊಗೆ ತಪಾಸಣೆ (ಪಿಯುಸಿ) ಪಾಸಾಗುವುದು ಕಷ್ಟ. ಆರ್‌ಸಿಯಲ್ಲಿ ಬರೆದಿದ್ದಕ್ಕೂ ಗಾಡಿಗೂ ತಾಳೆಯಾಗದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದಿಲ್ಲ. ತಿಳಿಸದ ಮಾಡಿಫಿಕೇಶನ್ ಇದ್ದರೆ ಆಕ್ಸಿಡೆಂಟ್ ಕ್ಲೇಮಿಗೆ ಇನ್ಶೂರೆನ್ಸ್‌ನವರು ತಕರಾರು ತೆಗೆಯಬಹುದು.

ಎಲ್ಲ ಸರಿಯಿದ್ದು ಕೊಂಡಿರಾ? ಮೊದಲ ವಾರವೇ ಕಂಪನಿಯ ಒರಿಜಿನಲ್ (ಸ್ಟಾಕ್) ಮ್ಯಾಪ್ ಹಾಕಿಸಿ, ಆಯಿಲ್, ಪ್ಲಗ್, ಕೂಲೆಂಟ್ ಬದಲಿಸಿ. ದಾಖಲೆ ಇರುವ ಸ್ಟೇಜ್ ಒನ್, ಮ್ಯಾನ್ಯುವಲ್ ಗೇರು ಆದರೆ ಹಾಗೇ ಉಳಿಸಿಕೊಳ್ಳಬಹುದು, ಆದರೆ ಆಯಿಲನ್ನು 5,000ದಿಂದ 7,500 ಕಿಲೋಮೀಟರಿಗೊಮ್ಮೆ ಬದಲಿಸಲೇಬೇಕು. ಗಾಡಿ ಬೆಲೆಯ ಜೊತೆಗೆ ಒಂದು ಕ್ಲಚ್ಚಿನ ದುಡ್ಡನ್ನು ಪಕ್ಕಕ್ಕಿಡಿ.

ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸುವ ಫಾರ್ಮ್ 29, 30ರ ಕೆಲಸವನ್ನು ಏಜೆಂಟನ ಮೇಲೆ ಬಿಟ್ಟು ಮರೆಯಬೇಡಿ. ಗಾಡಿ ಮೇಲಿದ್ದ ಸಾಲ ತೀರಿದ್ದರೆ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35 ಕೂಡ ಬೇಕು. ಇನ್ಶೂರೆನ್ಸ್ ಹೆಸರು ಬದಲಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಗಾಡಿಯನ್ನು ಹುಬ್ಬಳ್ಳಿಗೋ ಬೆಳಗಾವಿಗೋ ಕಾಯಂ ಒಯ್ಯುವುದಾದರೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತೆಗೆಸಿ, ಅಲ್ಲಿ ಕಟ್ಟಬೇಕಾದ ಟ್ಯಾಕ್ಸನ್ನೂ ಮೊದಲೇ ಲೆಕ್ಕ ಹಾಕಿ. ಅದನ್ನು ಸೇರಿಸಿದರೆ ಎಂಎಚ್-12ರ (ಪುಣೆ ನಂಬರಿನ) ಅಗ್ಗದ ಗಾಡಿ ಕೆಲವೊಮ್ಮೆ ಊರಿನ ಗಾಡಿಗಿಂತ ದುಬಾರಿ ಬೀಳುತ್ತದೆ.