ಆಟಿಸಂ ಇರುವ ಮಗುವಿಗೆ ದೃಷ್ಟಿಭ್ರಮೆ ಹೇಗೆ ಕಾಣುತ್ತದೆ? ರಟ್ಟಿನ ಪಟ್ಟಿಯಲ್ಲಿ ಅಳೆಯುವ ಬಗೆ

ಆಟಿಸಂ ಇರುವವರ ಕಣ್ಣು ಮೋಸಹೋಗುವುದೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. 1996ರಲ್ಲಿ ಮನಶ್ಶಾಸ್ತ್ರಜ್ಞೆ ಫ್ರಾನ್ಸೆಸ್ಕಾ ಹ್ಯಾಪೆ ಚಿತ್ರ ತೋರಿಸಿ ಬಾಯಲ್ಲಿ ಉತ್ತರ ಕೇಳಿದಾಗ ಈ ಮಕ್ಕಳು ಭ್ರಮೆಗೆ ಬಿದ್ದದ್ದು ಕಡಿಮೆ. 1999ರಲ್ಲಿ ಸಂಶೋಧಕರಾದ ರೋಪರ್ ಮತ್ತು ಮಿಚೆಲ್ ಅಳತೆಯನ್ನು ಅವರ ಕೈಯಿಂದಲೇ ಹೊಂದಿಸಿದಾಗ ಉಳಿದವರಷ್ಟೇ ಬಿದ್ದರು. ಹಾಗಾಗಿ ಪ್ರಶ್ನೆ ಕೇಳಬೇಡಿ, ಎಳೆಯಲು ಕೊಡಿ.

ತುದಿಯಲ್ಲಿರುವ ಬಾಣದಂಥ ರೆಕ್ಕೆಗಳಿಂದಾಗಿ ಸಮ ಗೆರೆಗಳೂ ಉದ್ದ-ಗಿಡ್ಡ ಕಾಣುವ ಚಿತ್ರವೇ ಮುಲ್ಲರ್-ಲೈಯರ್ ಗೆರೆ; ಮಾಡುವುದು ಸುಲಭ. ಬಿಳಿ ರಟ್ಟಿನಲ್ಲಿ 22 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಅದು ಸಲೀಸಾಗಿ ಜಾರುವಂತೆ 15 ಸೆಂ.ಮೀ. ಉದ್ದದ ಕವಚ ಮಡಚಿ ಅಂಟಿಸಿ. ಕವಚದ ಮೇಲೆ ಬಲ ಅಂಚಿಗೆ ಮುಟ್ಟುವ 10 ಸೆಂ.ಮೀ. ಗೆರೆ ಎಳೆದು, ಎಡತುದಿಗೆ <, ಬಲತುದಿಗೆ > ಹಾಕಿ. ಪಟ್ಟಿಯ ಬಲಗಡೆ 2 ಸೆಂ.ಮೀ. ಬಿಟ್ಟು ಅಲ್ಲಿಂದ ಎಡಕ್ಕೆ 15 ಸೆಂ.ಮೀ. ಗೆರೆ, ಅದರ ಬಲತುದಿಗೆ <. ರೆಕ್ಕೆಗಳೆಲ್ಲ 2 ಸೆಂ.ಮೀ. ಇರಲಿ. ಪಟ್ಟಿಯ ಹಿಂಬದಿಗೆ, ಆ ಬಲತುದಿಯ ನೇರದಿಂದ ಶುರುಮಾಡಿ ಸ್ಕೇಲಿನ ಗುರುತು ಹಾಕಿ.

"ಎರಡೂ ಗೆರೆ ಒಂದೇ ಉದ್ದ ಕಾಣೋ ತನಕ ಎಳಿ" ಅನ್ನಿ, ಅಷ್ಟೆ. "ಎರಡೂ ಸಮವಾ?" ಎಂದರೆ ಕೆಲವು ಮಕ್ಕಳು ಕಂಡದ್ದನ್ನಲ್ಲ, ಗೊತ್ತಿರುವುದನ್ನು ಹೇಳುತ್ತಾರೆ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಆಡುವ ಮಗುವಿಗೆ ಅದರಲ್ಲೇ ಹೇಳಿ. ಮಾತಾಡದ ಮಗುವಿಗೆ ರೆಕ್ಕೆಯಿಲ್ಲದ ಪಟ್ಟಿಯಲ್ಲಿ ಮೊದಲು ಮಾಡಿ ತೋರಿಸಿ; ಮಗುವೂ ಅದರಲ್ಲಿ ಸಮ ಮಾಡಲಿ. ಅಲ್ಲೇ ಹೆಚ್ಚುಕಡಿಮೆಯಾದರೆ ಕೆಲಸ ಅರ್ಥವಾಗಿಲ್ಲ ಅಂತ, ಭ್ರಮೆಯ ಮಾತು ಆಮೇಲೆ.

ನಾಲ್ಕು ಸಲ ಪೂರ್ತಿ ಒಳಗಿಟ್ಟು, ನಾಲ್ಕು ಸಲ ಪೂರ್ತಿ ಹೊರಗೆಳೆದು ಕೊಡಿ. ಒಂದೇ ಕಡೆಯಿಂದ ಶುರುಮಾಡಿದರೆ ಕೈ ಬೇಗ ನಿಂತುಬಿಡುತ್ತದೆ, ಅದೇ ಭ್ರಮೆಯಂತೆ ತೋರುತ್ತದೆ. ಪ್ರತಿ ಸಲ ಹಿಂಬದಿಯ ಸ್ಕೇಲಿನಲ್ಲಿ, ಕವಚದ ಬಲ ಅಂಚಿನ ನೇರಕ್ಕೆ ಕಂಡ ಅಳತೆ ಬರೆದುಕೊಂಡು, ಎಂಟರ ಸರಾಸರಿಯನ್ನು 10ರಿಂದ ಕಳೆಯಿರಿ. ಸರಾಸರಿ 8.5 ಬಂದರೆ ಭ್ರಮೆ 1.5 ಸೆಂ.ಮೀ. ಅಕ್ಕನೋ ಅಣ್ಣನೋ ಇದ್ದರೆ ಅವರದ್ದನ್ನೂ ಅಳೆಯಿರಿ. ಹೋಲಿಕೆಯಿಲ್ಲದ ಒಂಟಿ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಆಟಿಸಂ ಇದೆಯೋ ಇಲ್ಲವೋ ಎಂಬುದಂತೂ ಖಂಡಿತ ಇಲ್ಲ.

ಮಡಿಕೇರಿ ಕಡೆ ಮಳೆಗಾಲದಲ್ಲಿ ರಟ್ಟು ತೇವಕ್ಕೆ ಉಬ್ಬಿ ಕವಚದಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಸಿಕ್ಕಿಕೊಂಡಲ್ಲೇ ಬಿಟ್ಟುಬಿಡುತ್ತದೆ. ಪಟ್ಟಿಯನ್ನು ಅಕ್ಕಿಡಬ್ಬಿಯಲ್ಲಿಡಿ. ಲ್ಯಾಮಿನೇಟ್ ಬೇಡ, ಹೊಳಪು ಕಣ್ಣಿಗೆ ಹೊಡೆಯುತ್ತದೆ. ಶೀಟಿನ ಮನೆಯಾದರೆ ಮಳೆ ನಿಂತ ಹೊತ್ತು ನೋಡಿ: ಸದ್ದಿಗೆ ಕಿವಿಮುಚ್ಚುವ ಮಗು ಗೆರೆ ನೋಡುವುದಿಲ್ಲ. ತಿರುಗುವ, ಮಿನುಗುವ ಕಪ್ಪು-ಬಿಳುಪು ಪಟ್ಟೆಯ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಬೇಡಿ. ಆಟಿಸಂ ಜೊತೆ ಮೂರ್ಛೆರೋಗವೂ ಇರುವ ಮಕ್ಕಳು ಕಡಿಮೆಯೇನಲ್ಲ.